ಮದುವೆ ಡಿವಿಡಿಯಲ್ಲಿರುವ ಅಜ್ಜಿಯ ಹಾಡು ಎಂಪಿ3 ಪ್ಲೇಯರ್‌ಗೆ

ಪ್ರಶ್ನೆ: 2008ರಲ್ಲಿ ನಡೆದ ಅಕ್ಕನ ಮದುವೆಯ ಡಿವಿಡಿಯಲ್ಲಿ ನಮ್ಮ ಅಜ್ಜಿ ಹಸೆ ಹಾಡು ಹೇಳಿದ್ದಾರೆ. ಅಜ್ಜಿ ಈಗಿಲ್ಲ. ಅಮ್ಮ ಅಡುಗೆ ಮಾಡುವಾಗ ಕೇಳಲಿ ಅಂತ ಆ ಹಾಡುಗಳನ್ನು ಸಣ್ಣ ಎಂಪಿ3 ಪ್ಲೇಯರ್‌ಗೆ ಹಾಕಿಕೊಡಬೇಕು. ಟಿವಿ ಮುಂದೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿದರೆ ಸಾಕಾ?
– ಓದುಗರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಫ್ಯಾನಿನ ಸದ್ದು, ಹೊರಗಿನ ಗಾಡಿಗಳ ಸದ್ದು ಎಲ್ಲಾ ಅಜ್ಜಿಯ ದನಿಯ ಜೊತೆ ಸೇರಿಬಿಡುತ್ತದೆ. ಡಿಸ್ಕ್‌ನಲ್ಲಿರುವ ಧ್ವನಿಯನ್ನೇ ನೇರವಾಗಿ ತೆಗೆಯಬಹುದು.

ಮೊದಲು ಡಿಸ್ಕ್ ಉಳಿಸಿಕೊಳ್ಳಿ. ಸ್ಟುಡಿಯೋದವರು ಬರೆದುಕೊಡುವ ಡಿಸ್ಕ್‌ನಲ್ಲಿ ತೆಳ್ಳನೆಯ ಬಣ್ಣದ ಪದರ ಇರುತ್ತದೆ. ಬಿಸಿಲು, ಸೆಕೆ, ತೇವಕ್ಕೆ ಅದು ಕೆಡುತ್ತದೆ. ಧೂಳಿದ್ದರೆ ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಿದರೆ ಗೀರು ಬರಹದ ಸಾಲಿನ ಗುಂಟವೇ ಬಿದ್ದು, ಉದ್ದಕ್ಕೂ ಹಾಳಾಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿ ಡಿವಿಡಿ ಡ್ರೈವ್ ಸಾಕು. ಒಳಗಿನ ‘ವಿಡಿಯೊ ಟಿಎಸ್’ ಫೋಲ್ಡರನ್ನು ಪೂರ್ತಿ ಕಾಪಿ ಮಾಡಿ.

ಅದರಲ್ಲಿ ವಿಒಬಿ ಫೈಲುಗಳು ಕಾಣುತ್ತವೆ; ಮದುವೆಯ ಚಿತ್ರ, ಧ್ವನಿ ಎರಡೂ ಇರುವುದು ಇವುಗಳಲ್ಲೇ. ಒಂದೊಂದೂ 1 ಜಿಬಿ ಮೀರುವುದಿಲ್ಲ. ಹಾಗಾಗಿ ಒಂದು ಹಾಡು ಅರ್ಧ ಈ ಫೈಲಿನಲ್ಲಿ, ಅರ್ಧ ಮುಂದಿನದರಲ್ಲಿ ಇರಬಹುದು. ಗಾಬರಿ ಬೇಡ. ವಿಡಿಯೊ ನೋಡುವ ವಿಎಲ್‌ಸಿ ತಂತ್ರಾಂಶದಲ್ಲಿ ‘ಮೀಡಿಯಾ’ ಮೆನುವಿನ ‘ಕನ್ವರ್ಟ್/ಸೇವ್’ ಒತ್ತಿ, ಒಂದೊಂದೇ ಫೈಲ್ ಕೊಡಿ. ಪ್ರೊಫೈಲ್‌ನಲ್ಲಿ ‘ಆಡಿಯೊ – ಸಿಡಿ’ ಆರಿಸಿದರೆ ವೇವ್ ಫೈಲ್, ಅಂದರೆ ಧ್ವನಿಯನ್ನು ಕುಗ್ಗಿಸದೆ ಇಟ್ಟ ಫೈಲ್ ಸಿಗುತ್ತದೆ. ಈಗಲೇ ಎಂಪಿ3 ಮಾಡಬೇಡಿ. ಕತ್ತರಿಸಿ ಮತ್ತೆ ಎಂಪಿ3 ಮಾಡುವಾಗ ಗುಣಮಟ್ಟ ಇನ್ನೊಮ್ಮೆ ಇಳಿಯುತ್ತದೆ. ವೇವ್ ಫೈಲುಗಳನ್ನು ಧ್ವನಿ ಕತ್ತರಿಸಿ ಜೋಡಿಸುವ ಆಡಾಸಿಟಿ ತಂತ್ರಾಂಶದಲ್ಲಿ ತೆರೆದು, ತುಂಡಾದ ಹಾಡು ಜೋಡಿಸಿ, ಬೇಕಾದಷ್ಟು ಇಟ್ಟುಕೊಂಡು ಎಂಪಿ3 ಆಗಿ ಎಕ್ಸ್‌ಪೋರ್ಟ್ ಮಾಡಿ. ಬಿಟ್‌ರೇಟ್ (ಧ್ವನಿಯ ಗುಣಮಟ್ಟದ ಅಳತೆ) 128 ಕೆಬಿಪಿಎಸ್ ಇಟ್ಟರೆ ನಿಮಿಷಕ್ಕೆ ಸುಮಾರು 1 ಎಂಬಿ. ಎರಡೂ ತಂತ್ರಾಂಶ ಉಚಿತ.

ಒಂದು ಮಾತು. ಆಡಾಸಿಟಿಯಲ್ಲಿ ಹಿನ್ನೆಲೆ ಸದ್ದು ತಗ್ಗಿಸುವ ‘ನಾಯ್ಸ್ ರಿಡಕ್ಷನ್’ ಜಾಸ್ತಿ ಹಾಕಬೇಡಿ, ದನಿ ನೀರೊಳಗಿಂದ ಬಂದ ಹಾಗಾಗುತ್ತದೆ. ಹಿಂದೆ ಕೇಳುವ ಬಳೆ ಸದ್ದು, ಜೊತೆಗೆ ದನಿಗೂಡಿಸುವ ಹೆಂಗಸರು, ಯಾರೋ ‘ಆರತಿ ತಟ್ಟೆ ತನ್ನಿ’ ಅನ್ನುವುದು ಅಮ್ಮನಿಗೆ ಬೇಕಾದದ್ದೇ, ಅಲ್ವಾ?

ಡಿವಿಡಿ ಬದಲು ವಿಸಿಡಿ ಆಗಿದ್ದರೆ ‘ಎಂಪೆಗ್‌ಎವಿ’ ಫೋಲ್ಡರ್‌ನ ಡ್ಯಾಟ್ ಫೈಲ್ ತೆಗೆದುಕೊಳ್ಳಿ, ಉಳಿದದ್ದೆಲ್ಲ ಇದೇ.

ಸಣ್ಣ ಪ್ಲೇಯರ್‌ಗಳಲ್ಲಿ ಕನ್ನಡದ ಹೆಸರು ಚೌಕಗಳಾಗಿ ಕಾಣಬಹುದು. ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟು ಮುಂದೆ 01, 02 ಹಾಕಿ. ಪರದೆಯೇ ಇಲ್ಲದ ಪ್ಲೇಯರ್ ಆದರೆ ಕಾಪಿ ಮಾಡಿದ ಸರದಿಯಲ್ಲೇ ಹಾಡುವುದೂ ಉಂಟು, ಹಾಗಾಗಿ ಒಂದೊಂದಾಗಿ ಕ್ರಮದಲ್ಲಿ ಹಾಕಿ. ಕಾಪಿ ಮಾಡಿದ ಮೂಲ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಅಕ್ಕನಿಗೂ ಒಂದು ಕೊಡಿ.