ಅಣ್ಣಾವ್ರಿಗಿಂತ ಒಂದು ದಿನ ಜಾಸ್ತಿ

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಹಿರಿಯರೊಬ್ಬರ ಈ ಪ್ರಕರಣ ವಿಚಿತ್ರವಾಗಿದೆ ಅಂತ ಬರೆಯುತ್ತಿಲ್ಲ. ಇಂಥದ್ದು ಮತ್ತೆ ಮತ್ತೆ ಬರುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ. "ನಮ್ಮಪ್ಪ 62ಕ್ಕೆ ಹೋದ್ರು, ನಂದೂ ಅಷ್ಟೇ" ಅನ್ನುತ್ತಾರೆ ಒಬ್ಬರು. "ನಮ್ಮ ಮನೆತನದಲ್ಲಿ 70 ದಾಟಿದ ಗಂಡಸೇ ಇಲ್ಲ" ಅನ್ನುತ್ತಾರೆ ಇನ್ನೊಬ್ಬರು. ನಗುನಗುತ್ತಲೇ ಹೇಳುತ್ತಾರೆ, ಮನೆಯವರೂ ನಕ್ಕು ಸುಮ್ಮನಾಗುತ್ತಾರೆ. ಆ ವಯಸ್ಸು ಹತ್ತಿರ ಬಂದಾಗ ಊಟ ಕಡಿಮೆಯಾಗುತ್ತದೆ, ನಿದ್ದೆ ಹೋಗುತ್ತದೆ, ಮಾತ್ರೆ ಮರೆತುಹೋಗುತ್ತದೆ. ಆಗ ಮನೆಯವರಿಗೆ ಹಳೆಯ ತಮಾಷೆ ನೆನಪಿಗೇ ಬರುವುದಿಲ್ಲ. ಇಲ್ಲಿ ಹೇಳುವ ಹಿರಿಯರು ಅಪ್ಪನ ವಯಸ್ಸನ್ನು ಲೆಕ್ಕ ಹಾಕುತ್ತಿರಲಿಲ್ಲ, ಡಾ. ರಾಜ್‌ಕುಮಾರ್ ವಯಸ್ಸನ್ನು ಹಾಕುತ್ತಿದ್ದರು. ವ್ಯತ್ಯಾಸ ಅಷ್ಟೇ.

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲಾ ಅಂತ ಅವರನ್ನೇ ಕೇಳಿದ್ದೆ. "ಬರೀರಿ ಮೇಡಂ, ಅಣ್ಣಾವ್ರ ಹೆಸರು ಮಾತ್ರ ಬದಲಿಸಬೇಡಿ" ಅಂದರು.

ತುಮಕೂರು ಕಡೆಯವರು. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿ ನಿವೃತ್ತರಾದವರು. ಹೆಂಡತಿ ಇಲ್ಲ, ಮಗ-ಸೊಸೆ ಜೊತೆ ಇದ್ದಾರೆ. ಕರೆದುಕೊಂಡು ಬಂದದ್ದು ಮಗ. ಅವನ ದೂರಿನ ಪಟ್ಟಿ ದೊಡ್ಡದಿತ್ತು. ಬೆಳಗಾದರೆ ಹಳೇ ಸಿನಿಮಾ, ಗುರುವಾರ ಬಂದರೆ ರಾಯರ ಮಠ, ಮನೆಗೆ ಯಾರೇ ಬಂದರೂ ಅದೇ ಮಾತು. ಪಟ್ಟಿಯ ಕೊನೆಯಲ್ಲಿ, ಬಾಗಿಲ ಹತ್ತಿರ ನಿಂತು, ಇನ್ನೆರಡು ಸಂಗತಿ ಹೇಳಿದ. ಬಿಪಿ ಮಾತ್ರೆ ನಿಲ್ಲಿಸಿಬಿಟ್ಟಿದ್ದಾರೆ. ಕಣ್ಣಿನ ಪೊರೆಯ ಆಪರೇಶನ್‌ಗೆ ದಿನ ಗೊತ್ತಾದ ಮೇಲೆ ಬೇಡ ಅಂದಿದ್ದಾರೆ. "ಈ ಅಭಿಮಾನದ ಹುಚ್ಚು ಒಂದು ಬಿಡಿಸಿಬಿಡಿ ಮೇಡಂ, ಉಳಿದದ್ದು ತಾನಾಗೇ ಸರಿಹೋಗುತ್ತೆ" ಅಂದ.

ನಾನು ಒಪ್ಪಲಿಲ್ಲ. ಎಪ್ಪತ್ತು ದಾಟಿದ ಮನುಷ್ಯನಿಂದ ದೇವರನ್ನೂ ಅಣ್ಣಾವ್ರನ್ನೂ ಕಿತ್ತುಕೊಂಡರೆ ಅವರ ದಿನದಲ್ಲಿ ಉಳಿಯುವುದೇನು? ಟಿವಿ ರಿಮೋಟ್ ಮತ್ತು ಸೊಸೆಯ ಕುಕ್ಕರ್ ಸದ್ದು. ಭಕ್ತಿ, ಅಭಿಮಾನ ಕಾಯಿಲೆಯಲ್ಲ ಅನ್ನುವುದು ನನ್ನ ನಂಬಿಕೆ. ಕಾಯಿಲೆ ಬಂದವರು ಅದನ್ನು ಭಕ್ತಿಯ ಮಾತಿನಲ್ಲಿ ಹೇಳಿಕೊಳ್ಳುವುದುಂಟು. ಅದು ಬೇರೆ ವಿಷಯ.

ಮೊದಲು ಡಾಕ್ಟರ್ ಹತ್ತಿರ ಕಳಿಸಿದೆ. ಒಂದೇ ಮಾತು ಪದೇ ಪದೇ ಆಡುವವರಿಗೆ ಮರೆವು ಶುರುವಾಗಿರಬಹುದು. ಕಿವಿ ಮಂದವಾಗಿ, ಬೇರೆಯವರ ಮಾತು ಕೇಳಿಸದೆ ತಮ್ಮದನ್ನೇ ಹೇಳುತ್ತಿರಬಹುದು. ಥೈರಾಯ್ಡ್, ಬಿ12 ಕಮ್ಮಿಯಾದರೂ ಮನಸ್ಸು ಕುಗ್ಗುತ್ತದೆ. ಇವೆಲ್ಲ ಹೆಚ್ಚುಕಡಿಮೆ ಸರಿಯಾಗೇ ಇದ್ದವು. ಹಿರಿಯರ ಖಿನ್ನತೆ ಅಳೆಯಲು ಹೌದು-ಇಲ್ಲ ಅಂತ ಉತ್ತರಿಸುವ 15 ಪ್ರಶ್ನೆಗಳ ಒಂದು ಪಟ್ಟಿ ಇದೆ. ಅದರಲ್ಲಿ ಮಾತ್ರ ಅಂಕ ಜಾಸ್ತಿ ಬಂತು. ವಯಸ್ಸಾದವರು ಅಳುವುದಿಲ್ಲ, 'ಬೇಜಾರು' ಅನ್ನುವುದೂ ಕಡಿಮೆ. ಮಂಡಿ ನೋವು, ಹಸಿವಿಲ್ಲ, ನಿದ್ದೆ ಇಲ್ಲ ಅನ್ನುತ್ತಾರೆ. ಇವರೂ ಅದನ್ನೇ ಹೇಳುತ್ತಿದ್ದರು.

ಆಮೇಲೊಂದು ದಿನ ಅವರೊಬ್ಬರೇ ಬಂದರು. ಯಾಕೆ ಆಪರೇಶನ್ ಬೇಡ ಅಂದಿರಿ ಅಂತ ಸುಮ್ನೆ ಕೇಳಿದೆ. ಅವರು ಶರ್ಟಿನ ಒಳಜೇಬಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಪಾಕೆಟ್ ಡೈರಿ ತೆಗೆದು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿಸಿದರು. ಟರ್ನರ್ ಕೈ ಅಲ್ವಾ, ಅಂಕಿಗಳು ಅಚ್ಚು ಹಾಕಿದಂತಿದ್ದವು. ಒಂದು ಸಾಲಲ್ಲಿ ರಾಘವೇಂದ್ರ ಸ್ವಾಮಿಗಳು: 1595, 1671, 76. ಕೆಳಗೆ ಅಣ್ಣಾವ್ರು: 24-4-1929, 12-4-2006. ಪಕ್ಕದಲ್ಲಿ 76 ವರ್ಷ, 11 ತಿಂಗಳು, 19 ದಿನ. ಎರಡೂ ಸಾಲುಗಳನ್ನು ಸೇರಿಸಿ ಒಂದು ಬಾಣ, ಅದರ ಮೇಲೆ 1966. ಅದು 'ಮಂತ್ರಾಲಯ ಮಹಾತ್ಮೆ' ಬಂದ ವರ್ಷ. ಅದರಲ್ಲಿ ರಾಯರಾಗಿದ್ದವರು ರಾಜ್‌ಕುಮಾರ್. ಇನ್ನೊಂದು ಮೂಲೆಯಲ್ಲಿ 30-7-2000, 15-11-2000, ಅಂದರೆ ವೀರಪ್ಪನ್ ಹಿಡಿದುಕೊಂಡು ಹೋದ ದಿನ, ಬಿಟ್ಟು ಕಳಿಸಿದ ದಿನ. ಪಕ್ಕದಲ್ಲಿ 108 ಬರೆದು ಸುತ್ತು ಹಾಕಿದ್ದರು.

"ಜಪಮಾಲೆಯಲ್ಲಿ ಮಣಿ ಎಷ್ಟು ಮೇಡಂ?" ಅಂತ ಕೇಳಿದರು. ಆ 108 ದಿನವೂ ಶಿಫ್ಟ್‌ಗೆ ಹೋಗುವ ಮುಂಚೆ ಮಠದಲ್ಲಿ ಪ್ರದಕ್ಷಿಣೆ ಹಾಕಿದ್ದರಂತೆ.

ಡೈರಿಯ ಕೊನೆಯ ಸಾಲು ಅವರದೇ. ಹುಟ್ಟಿದ ದಿನಕ್ಕೆ 76 ವರ್ಷ, 11 ತಿಂಗಳು, 19 ದಿನ ಕೂಡಿಸಿ ಒಂದು ತಾರೀಖು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು. ಆ ತಾರೀಖಿಗೆ ಇನ್ನು ಕೆಲವೇ ತಿಂಗಳಿತ್ತು.

"ಅವರಿಗಿಂತ ಒಂದು ದಿನ ಜಾಸ್ತಿ ಬದುಕೋಕೆ ನಾನ್ಯಾರು ಮೇಡಂ? ನಮ್ಮನ್ನ ಅಭಿಮಾನಿ ದೇವರುಗಳು ಅಂದೋರು ಅವರು."

ಇಂಥ ಮಾತು ಬಂದಾಗ ಲೆಕ್ಕ ತಪ್ಪು ಅಂತ ವಾದಿಸಬೇಕು ಅನಿಸುತ್ತದೆ. ರಾಯರು ಹುಟ್ಟಿದ ವರ್ಷದ ಬಗ್ಗೆಯೇ ಎಲ್ಲರದೂ ಒಂದೇ ಮಾತಲ್ಲ. ಆದರೆ ಒಂದು ಲೆಕ್ಕ ಕೆಡಿಸಿದರೆ ಅವರು ಇನ್ನೊಂದನ್ನು ಹುಡುಕಿಕೊಳ್ಳುತ್ತಾರೆ, ಡೈರಿಯಲ್ಲಿ ಬೇಕಾದಷ್ಟು ಹಾಳೆ ಇತ್ತು. ಅದನ್ನು ಬಿಟ್ಟು ನೇರವಾಗಿ ಕೇಳಿದೆ: "ಸಾಯಬೇಕು ಅನಿಸುತ್ತಾ? ಏನಾದರೂ ಮಾಡಿಕೊಳ್ಳುವ ಯೋಚನೆ ಇದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಅಂತ ಹೆದರುವವರಿದ್ದಾರೆ. ಹಾಗೇನಿಲ್ಲ. ಕೇಳಿದರೆ ಹೆಚ್ಚಿನವರಿಗೆ ಹಗುರವಾಗುತ್ತದೆ.

"ಛೆ ಛೆ, ಅದು ಪಾಪ" ಅಂದರು. "ಮಾತ್ರೆ ಬಿಟ್ಟಿದ್ದೀನಿ ಅಷ್ಟೇ. ಕರೆಯೋರು ಕರೀಲಿ, ನಾನ್ಯಾಕೆ ಅಡ್ಡ ನಿಲ್ಲಲಿ."

ಈ 'ಅಷ್ಟೇ'ಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಗ್ಗ, ವಿಷ ಪಾಪ ಅನ್ನುವ ಎಷ್ಟೋ ಹಿರಿಯರು ಮಾತ್ರೆ ಬಿಡುವುದನ್ನು, ಊಟ ಕಮ್ಮಿ ಮಾಡುವುದನ್ನು ಪಾಪದ ಲೆಕ್ಕಕ್ಕೆ ಸೇರಿಸುವುದಿಲ್ಲ. ಮನೆಯವರು ಅದನ್ನು ಹಟ ಅಂದುಕೊಳ್ಳುತ್ತಾರೆ. ಇದನ್ನು ನಿಮ್ಮ ಮಗನಿಗೆ ಹೇಳಲೇಬೇಕಾಗುತ್ತದೆ ಅಂತ ಮೊದಲು ಅವರಿಗೇ ತಿಳಿಸಿದೆ. ಸಿಟ್ಟಾದರು. ಸ್ವಲ್ಪ ಹೊತ್ತಿನ ಮೇಲೆ ಆಯ್ತು ಅಂದರು.

ಆಮೇಲೆ ಕೇಳಿದೆ, "ಅಪ್ಪು ಎಷ್ಟಕ್ಕೆ ಹೋದರು?"

"ನಲವತ್ತಾರು."

"ನೀವು ಆ ವಯಸ್ಸು ದಾಟಿ ಮೂವತ್ತು ವರ್ಷ ಆಯ್ತು. ಅದು ತಪ್ಪಾ?"

ಅವರು ಡೈರಿ ಮುಚ್ಚಿದರು. "ಅದು ಅನ್ಯಾಯ ಮೇಡಂ. ಅದನ್ನ ಲೆಕ್ಕಕ್ಕೆ ಹಿಡೀಬಾರದು" ಅಂದರು. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ತಾವಾಗಿಯೇ ಅಪ್ಪನ ವಿಷಯ ತೆಗೆದರು. ಇವರು ಚಿಕ್ಕವರಿದ್ದಾಗಲೇ ಅಪ್ಪ ತೀರಿಕೊಂಡಿದ್ದರು. ಆಗ ಅವರಿಗೆ ಎಷ್ಟು ವಯಸ್ಸು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಫೋಟೋ ಕೂಡ ಇಲ್ಲ. ಟೆಂಟಿನಲ್ಲಿ ರಾಯರ ಸಿನಿಮಾ ನೋಡುವಾಗ ಅಮ್ಮ ಪರದೆಗೆ ಕೈ ಮುಗಿದಿದ್ದರಂತೆ. "ಗಂಡಸು ಅಂದ್ರೆ ಹೀಗಿರಬೇಕು ಅಂತ ಅಮ್ಮ ತೋರಿಸಿದ್ದು ಅವರನ್ನೇ."

ಅಲ್ಲಿಂದ ಮಾತು ಕಣ್ಣಿಗೆ ಬಂತು. ರಾಜ್‌ಕುಮಾರ್ ಕಣ್ಣು ದಾನವಾದ ಮೇಲೆ ಇವರೂ ದಾನದ ಕಾರ್ಡ್ ಮಾಡಿಸಿದ್ದರು. "ಪೊರೆ ಬಂದ ಕಣ್ಣು ದಾನಕ್ಕೆ ಬರುತ್ತಾ?" ಅಂತ ಕೇಳಿದರು. ಬರಲ್ಲ, ಅದಕ್ಕೇ ಆಪರೇಶನ್ ಮಾಡಿಸಿ ಅಂದಿದ್ದರೆ ಕೆಲಸ ಅಲ್ಲೇ ಮುಗಿಯುತ್ತಿತ್ತು. ಆದರೆ ಅದು ಸುಳ್ಳು. ಪೊರೆ ಬರುವುದು ಕಣ್ಣಿನೊಳಗಿನ ಮಸೂರಕ್ಕೆ, ದಾನದಲ್ಲಿ ಬಳಸುವುದು ಮುಂದಿನ ಪಾರದರ್ಶಕ ಪದರವನ್ನು, ಅಂದರೆ ಕಾರ್ನಿಯಾ. ಆಪರೇಶನ್ ಆಗಿದ್ದರೂ ಸರಿ, ಆಗದಿದ್ದರೂ ಸರಿ, ದಾನ ಮಾಡಬಹುದು. ತೀರಿಕೊಂಡ 6 ಗಂಟೆಯೊಳಗೆ ತೆಗೆಯಬೇಕು, ಅಷ್ಟೇ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಹಾಗಾದ್ರೆ ಆಪರೇಶನ್ ಯಾಕೆ?"

"ನಿಮಗೆ ಕಾಣಲಿ ಅಂತ."

ಅವರು ನಕ್ಕರು. ನನ್ನೆದುರು ಅವರು ನಕ್ಕಿದ್ದು ಅದೇ ಮೊದಲು.

ಕೊಟ್ಟ ಸಲಹೆ ಇಷ್ಟು. ಮನೋವೈದ್ಯರನ್ನು ನೋಡಬೇಕು. ಬಿಪಿ ಮಾತ್ರೆ ಡಾಕ್ಟರ್ ಹೇಳಿದಂತೆ ಮತ್ತೆ ಶುರುವಾಗಬೇಕು, ಸದ್ಯಕ್ಕೆ ಅದು ಮಗನ ಕೈಯಿಂದ. ಡೈರಿಯನ್ನು ಯಾರೂ ಕಿತ್ತುಕೊಳ್ಳಬಾರದು. ಎರಡು ಗೆರೆ ಎಳೆದ ತಾರೀಖಿನ ಮರುದಿನ ಬೆಳಿಗ್ಗೆ ಹತ್ತಕ್ಕೆ ಅವರು ನನ್ನ ಎದುರು ಕೂತಿರಬೇಕು, ಅದನ್ನು ಅವರೇ ಡೈರಿಯಲ್ಲಿ ಬರೆಯಬೇಕು. ಮೊದಲು ಆಗಲ್ಲ ಅಂದರು. ಕೊನೆಗೆ ಗೆರೆಯ ಕೆಳಗೆ ಸಣ್ಣಕ್ಷರದಲ್ಲಿ ಬರೆದುಕೊಂಡರು. ಲೆಕ್ಕ ಹಾಕುವವರಿಗೆಲ್ಲ ನಾನು ಇದನ್ನೇ ಹೇಳುವುದು. ಹೆದರುವ ದಿನದ ಬಗ್ಗೆ ಎಷ್ಟು ಮಾತಾಡಿದರೂ ಭಯ ಬೆಳೆಯುತ್ತದೆ, ಮರುದಿನಕ್ಕೆ ಒಂದು ಕೆಲಸ ಇರಲಿ.

ಮಗನಿಗೆ ಬೇರೆಯಾಗಿ ಹೇಳಿದೆ. "ಸಿನಿಮಾ ನಟನಿಗೆ ಇಷ್ಟೊಂದಾ" ಅನ್ನುವ ಮಾತು ಮನೆಯಲ್ಲಿ ಬೇಡ. ವಾರಕ್ಕೊಂದು ಸಲ ಜೊತೆಗೆ ಕೂತು ಒಂದು ಹಳೇ ಸಿನಿಮಾ ನೋಡು, ಫೋನ್ ಪಕ್ಕಕ್ಕಿಟ್ಟು. ಮಂಡಿ ನೋವಿನಿಂದ ಕಂಠೀರವ ಸ್ಟುಡಿಯೋದ ಸಮಾಧಿಗೆ ಹೋಗಲು ಆಗುತ್ತಿರಲಿಲ್ಲ, ಒಂದು ಸಲ ಕರೆದುಕೊಂಡು ಹೋಗು. ಅವನಿಗೆ ಅಷ್ಟೇನೂ ಸಮಾಧಾನವಾಗಲಿಲ್ಲ. ಹುಚ್ಚು ಬಿಡಿಸಿ ಅಂತ ಬಂದವನಿಗೆ ನಾನು ಇನ್ನೂ ಜಾಸ್ತಿ ಮಾಡಿ ಕಳಿಸಿದಂತೆ ಕಂಡಿರಬೇಕು.

ನನ್ನ ಜೊತೆ ಕೆಲಸ ಮಾಡುವ ಒಬ್ಬರೂ ಆಕ್ಷೇಪಿಸಿದರು. ನೀವು ಅಂಕಿ-ಸಂಖ್ಯೆಯ ಮೂಢನಂಬಿಕೆಗೆ ನೀರೆರೆಯುತ್ತಿದ್ದೀರಿ ಅಂದರು. ಇರಬಹುದು. ಆದರೆ ಜೀವಮಾನವಿಡೀ ಆ ಮನುಷ್ಯನನ್ನು ಕುಡಿತದಿಂದ, ಸಾಲದಿಂದ ದೂರ ಇಟ್ಟದ್ದು ರಾಯರ, ಅಣ್ಣಾವ್ರ ಮೇಲಿನ ಗೌರವ. ಹಾಗಂತ ಅವರೇ ಹೇಳಿದ್ದಾರೆ, ನಾನು ನಂಬುತ್ತೇನೆ. ಕಷ್ಟ ಬಂದಾಗ ಹಿಡಿದುಕೊಳ್ಳಲು ಅವರಿಗೆ ಇರುವುದು ಅದೇ. ಅದನ್ನು ಬಿಡಿಸಿ ನನ್ನ ವಿಚಾರವಾದ ಕೊಟ್ಟರೆ ಅವರು ಏನು ಮಾಡಿಯಾರು? ನಾನು ದೇವರನ್ನು ನಂಬುತ್ತೇನೋ ಇಲ್ಲವೋ ಅನ್ನುವುದು ನನ್ನ ಕೊಠಡಿಗೆ ಸಂಬಂಧವಿಲ್ಲದ ಪ್ರಶ್ನೆ.

ನಿಮ್ಮ ಮನೆಯ ಹಿರಿಯರು ಹೀಗೆ ವಯಸ್ಸಿನ ಲೆಕ್ಕ ಹೇಳುತ್ತಿದ್ದರೆ, ಯಾರ ಲೆಕ್ಕ ಅಂತ ಕೇಳಿ. ಮಾತ್ರೆ ಡಬ್ಬಿ ತೆಗೆದು ನೋಡಿ. ಯಾರ ಹತ್ತಿರ ಹೋಗಬೇಕು ಅಂತ ಗೊತ್ತಾಗದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಹಿರಿಯರ ಸಹಾಯವಾಣಿ 14567 ಕೂಡ ಇದೆ.

ಆ ತಾರೀಖು ಕಳೆದು ಈಗ ಬಹಳ ದಿನವಾಯಿತು. ಮರುದಿನ ಹತ್ತಕ್ಕೆ ಮೊದಲೇ ಬಂದು ಕೂತಿದ್ದರು. ಹಿಂದಿನ ರಾತ್ರಿ ನಿದ್ದೆ ಬಂದಿರಲಿಲ್ಲವಂತೆ. ಒಂದು ಕಣ್ಣಿನ ಆಪರೇಶನ್ ಆಗಿದೆ. ಮಂಡಿ ನೋವು ಹಾಗೇ ಇದೆ, ಖಿನ್ನತೆಯ ಮಾತ್ರೆಯೂ ನಡೆಯುತ್ತಿದೆ. ಮೊನ್ನೆ ಮಗ ಫೋನ್ ಮಾಡಿದ. "ಮೇಡಂ, ಡೈರಿಯಲ್ಲಿ ಹೊಸ ಲೆಕ್ಕ ಶುರುವಾಗಿದೆ. ಸಿದ್ಧಗಂಗೆ ಶ್ರೀಗಳು 111 ವರ್ಷ ಬದುಕಿದ್ರು ಅಂತ ಬರೆದು ಸುತ್ತು ಹಾಕಿದ್ದಾರೆ. ಇದಕ್ಕೇನು ಮಾಡೋದು?"

ಮಾತ್ರೆ ತಗೊಳ್ತಿದ್ದಾರಾ ಅಂತ ಕೇಳಿದೆ. ತಗೊಳ್ತಿದ್ದಾರೆ ಅಂದ. ಹಾಗಾದ್ರೆ ಬರೆದುಕೊಳ್ಳಲಿ ಬಿಡಪ್ಪ ಅಂದೆ.