ಹಳೇ ಕಾಂಪೌಂಡ್ ಬಿಲ್ಲು ಎಳೆದಾಗ ಕೈ ನಡುಗಿದರೆ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಗೆಂದು ಹಳೇ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಗಾಲಿ ಇರುವ ಬಿಲ್ಲು) ಕೊಳ್ಳಲು ನೋಡಿಬಂದೆ, ಎಳೆದಾಗ ಕೈ ನಡುಗಿತು, ಯಾಕೆ ಅಂತ ಕೇಳಿದ್ದೀರಿ. ಅದು ಕೈಯಲ್ಲಿ ನಿಲ್ಲದ್ದಕ್ಕೆ ಬಿಲ್ಲಿನ ತೂಕ ಕಾರಣ ಅಲ್ಲ ಅನಿಸುತ್ತದೆ. ನಾಲ್ಕು ಪೌಂಡಿನ ಬಿಲ್ಲು ಹಗುರವೇ. ನಿಮ್ಮ ಎತ್ತರ 5 ಅಡಿ 6 ಇಂಚು, ಬಿಲ್ಲಿನ ಡ್ರಾ ಲೆಂತ್ (ದಾರವನ್ನು ಪೂರ್ತಿ ಎಳೆದಾಗಿನ ಉದ್ದ) 29 ಇಂಚು ಅಂದಿದ್ದೀರಿ. ಅದು ನಿಮಗೆ ಜಾಸ್ತಿ ಉದ್ದ.

ಮೊದಲು ಎರಡೂ ಕೈ ಅಗಲಿಸಿ ನಿಂತು, ಬೆರಳ ತುದಿಯಿಂದ ತುದಿಗೆ ಯಾರಿಂದಾದರೂ ಅಳೆಸಿ. ಬಂದ ಇಂಚುಗಳನ್ನು 2.5ರಿಂದ ಭಾಗಿಸಿ. 66 ಬಂದರೆ ನಿಮ್ಮ ಡ್ರಾ ಲೆಂತ್ 26.5ರ ಆಸುಪಾಸು. ಇದು ಅಂದಾಜು ಅಷ್ಟೇ, ಅರ್ಧ ಇಂಚು ಆಚೀಚೆ ಆಗಬಹುದು. ಆಮೇಲೆ ಮಾರುವವರನ್ನು ಕೇಳಿ: ಕ್ಯಾಮ್ (ಬಿಲ್ಲಿನ ತುದಿಯ ಗಾಲಿ) ಅಷ್ಟಕ್ಕೆ ಇಳಿಯುತ್ತದಾ, ಬೇರೆ ಮಾಡ್ಯೂಲ್ (ಡ್ರಾ ಲೆಂತ್ ಬದಲಿಸಲು ಕ್ಯಾಮ್‌ಗೆ ಹಾಕುವ ಬಿಡಿಭಾಗ) ಬೇಕಾ? ಹಳೇ ಮಾಡೆಲ್‌ಗಳಿಗೆ ಮಾಡ್ಯೂಲ್ ಹುಡುಕುವುದು ತಲೆನೋವು. ಸಿಗದಿದ್ದರೆ, ಎಷ್ಟೇ ಅಗ್ಗವಾದರೂ ಆ ಬಿಲ್ಲು ಬಿಟ್ಟುಬಿಡಿ.

ಲಿಂಬ್ (ಬಿಲ್ಲಿನ ಬಾಗುವ ತೋಳು) ಮೇಲೆ 70 ಪೌಂಡ್ ಅಂತಿದ್ದರೆ ಅದು ಬಿಲ್ಲಿನ ತೂಕವಲ್ಲ, ದಾರ ಎಳೆಯಲು ಬೇಕಾದ ಬಲ. ಅದನ್ನು ಸಾಮಾನ್ಯವಾಗಿ 60ರವರೆಗೆ ಮಾತ್ರ ಇಳಿಸಬಹುದು. ಪೆನ್ಸಿಲ್ವೇನಿಯಾದ ಕಾನೂನಿಗೆ 35 ಪೌಂಡ್ ಸಾಕು, 45ರಿಂದ 50 ಇದ್ದರೆ ನೆಮ್ಮದಿ. 70 ಎಳೆಯುವುದು ಸುಮ್ನೆ ಜಂಬ.

ಅಳತೆ ಹೊಂದಿದರೂ, ಮತ್ತೆ ಎಳೆಯುವ ಮೊದಲು ಲಿಂಬ್ ಉದ್ದಕ್ಕೂ ಹತ್ತಿ ಸವರಿ ನೋಡಿ. ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಸೀಳು ಇರಬಹುದು, ಬೇಡವೇ ಬೇಡ. ಕ್ಯಾಮ್ ಸೊಟ್ಟಗಿದ್ದರೆ ಯಾರೋ ಬಾಣ ಇಲ್ಲದೆ ದಾರ ಬಿಟ್ಟಿರಬಹುದು. ಫೋಟೊ ಇಲ್ಲದೆ ಖಚಿತವಾಗಿ ಹೇಳಲಾಗದು, ಬಿಲ್ಲಿನ ಅಂಗಡಿಯವರಿಗೇ ತೋರಿಸಿ. ದಾರ ಸವೆದಿದ್ದರೆ ಮಾತ್ರ ಹೆದರಬೇಡಿ. ಹೊಸದು ಹಾಕಿಸಬಹುದು, ಆ ಖರ್ಚನ್ನು ಬೆಲೆಯಲ್ಲಿ ಕಳೆದು ಚೌಕಾಸಿ ಮಾಡಿ.