ಪಾಸ್‌ಪೋರ್ಟಿನೊಳಗಿನ ‘ಲೆಟ್’, ಕ್ರಯಪತ್ರದ ಹಲ್ಲು

ಪ್ರಶ್ನೆ: ಮಗಳ ಪಾಸ್‌ಪೋರ್ಟ್ ಬಂದಿದೆ. ರಾಷ್ಟ್ರಪತಿಗಳ ಹೆಸರಿನಲ್ಲಿ, ಈಕೆಯನ್ನು ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’ ಹೋಗಗೊಡಬೇಕು ಎಂದು ಅದರಲ್ಲಿ ಬರೆದಿದ್ದಾರೆ. ‘ಲೆಟ್’ ಎಂದರೆ ಬಿಡು ಎಂದಲ್ಲವೇ? ಬಿಡದೆ ಬಿಡಿ ಎಂದ ಹಾಗಾಯಿತಲ್ಲ! ಅಚ್ಚಿನ ತಪ್ಪೇ?
– ಓದುಗರೊಬ್ಬರು, ಶಿರಸಿ

ಉತ್ತರ: ಅಚ್ಚಿನ ತಪ್ಪಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದ ನಾನೂ ನನ್ನ ಪಾಸ್‌ಪೋರ್ಟಿನ ಆ ಸಾಲಿಗೆ ಎಡವಿ, ಜಂಬ ಬದಿಗಿಟ್ಟು ನಿಘಂಟು ತೆರೆದವನೇ. ಹಳೆಯ ಇಂಗ್ಲಿಷಿನಲ್ಲಿ ಎರಡು ಬೇರೆ ಬೇರೆ ಕ್ರಿಯಾಪದಗಳಿದ್ದವು. ‘ಲ್ಯಾಟನ್’ ಎಂದರೆ ಬಿಡು, ‘ಲೆಟ್ಟನ್’ ಎಂದರೆ ತಡೆ. ಬಾಯಿಂದ ಬಾಯಿಗೆ ಸವೆದು ಎರಡೂ ‘ಲೆಟ್’ ಆದವು.

ಇದು ವಿಚಿತ್ರವೆನಿಸಿದರೆ ನಿಮ್ಮ ಕೊಟ್ಟಿಗೆಗೆ ಹೋಗಿ. ‘ಹಸುವನ್ನು ಕರೆ’ ಎಂದರೆ ಕೂಗಬೇಕೋ, ಹಾಲು ಹಿಂಡಬೇಕೋ? ಹಳಗನ್ನಡದಲ್ಲಿ ಗೊಂದಲವಿರಲಿಲ್ಲ. ಕೂಗುವುದು ‘ಕರೆ’, ಹಾಲು ಹಿಂಡುವುದು ಶಕಟರೇಫದ, ಅಂದರೆ ‘ಱ’ ಎಂಬ ಹಳೆಯ ಅಕ್ಷರದ, ‘ಕಱೆ’. ಆ ಅಕ್ಷರ ಬಿದ್ದುಹೋಯಿತು, ಎರಡು ಪದ ಒಂದೇ ಗೂಟಕ್ಕೆ ಕಟ್ಟಿದಂತಾಯಿತು. ನಾವು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಇಂಗ್ಲಿಷರು ಮಾತ್ರ ಎದುರುಬದುರಾದ ಅರ್ಥಗಳನ್ನು ಒಂದೇ ಪದದಲ್ಲಿಟ್ಟುಕೊಂಡು ಎಷ್ಟು ಕಾಲ ಬಾಳಿಯಾರು? ತಡೆಯುವ ‘ಲೆಟ್’ ಮೂಲೆ ಸೇರಿತು.

ಷೇಕ್ಸ್‌ಪಿಯರನ ಕಾಲಕ್ಕೆ ಅದಿನ್ನೂ ಗಟ್ಟಿಯಾಗಿಯೇ ಇತ್ತು. ತಂದೆಯ ಪ್ರೇತದ ಹಿಂದೆ ಹೊರಟ ಹ್ಯಾಮ್ಲೆಟ್‌ನನ್ನು ಜೊತೆಗಾರರು ಹಿಡಿದುಕೊಂಡಾಗ, ನನ್ನನ್ನು ‘ಲೆಟ್’ ಮಾಡುವವನನ್ನೇ ಪ್ರೇತ ಮಾಡಿಬಿಡುತ್ತೇನೆ ಎಂದು ಗದರುತ್ತಾನೆ. ಬಿಡುವವನನ್ನು ಯಾರು ಗದರುತ್ತಾರೆ? ಟೆನಿಸ್‌ನಲ್ಲಿ ಸರ್ವ್ ಮಾಡಿದ ಚೆಂಡು ಬಲೆಗೆ ತಾಗಿ ಆಚೆ ಬಿದ್ದಾಗ ಕೂಗುವ ‘ಲೆಟ್’ ಕೂಡ ಈ ತಡೆಯೇ. ಪಾಸ್‌ಪೋರ್ಟಿನದು ನಮ್ಮ ‘ಅಡ್ಡಿ ಆತಂಕ’ದಂಥ ಜೋಡಿಮಾತು. ಮಗಳು ನಿಶ್ಚಿಂತೆಯಿಂದ ಹೊರಡಲಿ.

ಪ್ರಶ್ನೆ: ನಿವೇಶನದ ಕ್ರಯಪತ್ರದ ಕರಡು ‘ದಿಸ್ ಇಂಡೆಂಚರ್’ ಎಂದು ಶುರುವಾಗುತ್ತದೆ. ನಡುವೆ ದಪ್ಪಕ್ಷರದಲ್ಲಿ ‘ವಿಟ್ನೆಸೆತ್’ ಎಂದಿದೆ. ವಕೀಲರನ್ನು ಕೇಳಿದರೆ ‘ಅದು ಹಾಗೇ ಇರುತ್ತದೆ’ ಎನ್ನುತ್ತಾರೆ.
– ಓದುಗರೊಬ್ಬರು, ತುಮಕೂರು

ಉತ್ತರ: ವಕೀಲರ ಉತ್ತರವೂ ಹಾಗೇ ಇರುತ್ತದೆ. ಕೊನೆಯ ‘ಎತ್’ ಕ್ರಿಯಾಪದದ ಹಳೆಯ ಪ್ರತ್ಯಯ, ಇಂದು ಅಲ್ಲಿ ‘ಎಸ್’ ಬರುತ್ತದೆ. ‘ಈ ಪತ್ರವು ಸಾಕ್ಷಿ ನುಡಿಯುತ್ತದೆ’ ಎಂದಷ್ಟೇ ಅರ್ಥ. ಜನ ಇದನ್ನು ಮಾತಿನಲ್ಲಿ ಬಿಟ್ಟು ಮುನ್ನೂರು ವರ್ಷಗಳ ಮೇಲಾಯಿತು, ಪತ್ರಗಳು ಬಿಟ್ಟಿಲ್ಲ.

‘ಇಂಡೆಂಚರ್’ ಅದಕ್ಕಿಂತ ಸೊಗಸಾದ ಪದ, ಅದರೊಳಗೆ ಹಲ್ಲಿದೆ. ಲ್ಯಾಟಿನ್ನಿನ ‘ಡೆನ್ಸ್’ ನಮ್ಮ ‘ದಂತ’ದ ದಾಯಾದಿ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಒಂದೇ ಚರ್ಮದ ಹಾಳೆಯ ಮೇಲೆ ಒಪ್ಪಂದವನ್ನು ಎರಡು ಸಲ ಬರೆದು, ನಡುವೆ ಗರಗಸದ ಹಲ್ಲಿನಂತೆ ಅಂಕುಡೊಂಕಾಗಿ ಕತ್ತರಿಸಿ, ಆಚೆಯವನಿಗೊಂದು ಈಚೆಯವನಿಗೊಂದು ಕೊಡುತ್ತಿದ್ದರು. ಮುಂದೆ ತಕರಾರು ಬಂದರೆ ಎರಡನ್ನೂ ಜೋಡಿಸಿ ನೋಡುವುದು. ಹಲ್ಲಿಗೆ ಹಲ್ಲು ಕೂಡದಿದ್ದರೆ ಪತ್ರ ಖೋಟಾ. ಈಗಿನ ಕಾಗದದ ಅಂಚು ನೆಟ್ಟಗಿದೆ, ಹೆಸರಿನಲ್ಲಿ ಮಾತ್ರ ಹಲ್ಲು ಉಳಿದಿದೆ.

ಕನ್ನಡ ಪತ್ರಗಳೇನು ಕಡಿಮೆಯೇ? ನನ್ನ ತಂದೆ ಪತ್ರಬರಹಗಾರರಾಗಿದ್ದರು. ಉಪನೋಂದಣಿ ಕಚೇರಿಯ ಜಗುಲಿಯಲ್ಲಿ ಇಳಿಮೇಜಿನ ಮುಂದೆ ಕುಳಿತು ‘ಪುತ್ರಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು’ ಎಂದು ಬರೆದೂ ಬರೆದೂ ಅವರ ಬೆರಳಿಗೆ ಮಸಿ ಅಂಟಿಹೋಗಿತ್ತು. ಮನೆಯಲ್ಲಿ ಅವರ ಬಾಯಿಂದ ‘ತಕ್ಕದ್ದು’ ಕೇಳಿದ್ದು ಒಮ್ಮೆ ಮಾತ್ರ, ನಾನು ಎರಡನೇ ಆಟದ ಸಿನಿಮಾ ನೋಡಿ ಬಂದ ರಾತ್ರಿ. ‘ಏಳರೊಳಗೆ ಮನೆ ಸೇರತಕ್ಕದ್ದು’ ಎಂದರು. ಸೇರಿದೆ.

ನೀವು ‘ವಿಟ್ನೆಸೆತ್’ ಅನ್ನು ಅದರ ಪಾಡಿಗೆ ಬಿಟ್ಟು ಚೆಕ್ಕುಬಂದಿಯನ್ನು, ಅಂದರೆ ನಿವೇಶನದ ನಾಲ್ಕು ದಿಕ್ಕಿನ ಎಲ್ಲೆಗಳನ್ನು, ಎರಡು ಸಲ ಓದಿಕೊಳ್ಳಿ.

ಪ್ರಶ್ನೆ: ‘ಫೋರ್ಟ್‌ನೈಟ್’ ಎಂಬುದರಲ್ಲಿ ಕೋಟೆ ಎಲ್ಲಿಂದ ಬಂತು?
– ಎಂಟನೇ ತರಗತಿಯ ಓದುಗ, ಚಿತ್ರದುರ್ಗ

ಉತ್ತರ: ನಿಮ್ಮೂರಿನಿಂದ ಬಂದಿಲ್ಲ ಮಗು. ‘ಫೋರ್ಟೀನ್ ನೈಟ್ಸ್’ ಸವೆದು ಹಾಗಾಗಿದೆ, ಹದಿನಾಲ್ಕು ರಾತ್ರಿಗಳು. ಏಳು ರಾತ್ರಿಗಳಿಗೆ ‘ಸೆನ್ನಿಟ್’ ಎಂಬ ತಂಗಿಯೂ ಇದ್ದಳು. ‘ವೀಕ್’ ಇದ್ದಮೇಲೆ ಅವಳನ್ನು ಯಾರೂ ಕರೆಯಲಿಲ್ಲ.

ಪ್ರಶ್ನೆ: ಮೊಮ್ಮಗಳು ‘ನೈಸ್ ಅಜ್ಜಿ’ ಎಂದಳು. ಹಿಂದೆ ‘ನೈಸ್’ ಎಂದರೆ ದಡ್ಡ ಎಂದಿತ್ತು ಎಂದು ಅಳಿಯ ನಕ್ಕರು. ನಿಜವೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ನಿಜವೇ ಅಮ್ಮಾ, ಆದರೆ ಅಳಿಯಂದಿರು ಆರುನೂರು ವರ್ಷ ತಡವಾಗಿ ನಕ್ಕಿದ್ದಾರೆ. ಮೂಲ ಲ್ಯಾಟಿನ್ ‘ನೆಸ್ಕಿಯುಸ್’, ಅರಿಯದವನು. ಅದು ಫ್ರೆಂಚಿನ ಮೂಲಕ ಬಂದು ಇಂಗ್ಲಿಷಿನಲ್ಲಿ ಮೊದಲು ಪೆದ್ದ, ಆಮೇಲೆ ಅತಿ ನಾಜೂಕಿನವ, ಅಲ್ಲಿಂದ ಸೂಕ್ಷ್ಮ ಎಂದಾಗಿ, 18ನೇ ಶತಮಾನದಲ್ಲಿ ಹಿತವಾದದ್ದು ಎಂಬ ಅರ್ಥಕ್ಕೆ ತಲುಪಿತು. ಚಟ್ನಿಯನ್ನು ‘ನೈಸಾಗಿ ರುಬ್ಬು’ ಎನ್ನುವಾಗ ನೀವೂ ಆ ಸೂಕ್ಷ್ಮದ ಅರ್ಥದ ಹತ್ತಿರವೇ ಇದ್ದೀರಿ.

ನಮ್ಮ ‘ಮುಗ್ಧ’ ಇದೇ ದಾರಿಯಲ್ಲಿ ನಡೆದದ್ದು. ಸಂಸ್ಕೃತದಲ್ಲಿ ‘ಮೂಢ’ ಹುಟ್ಟಿದ ಧಾತುವಿನಿಂದಲೇ ಅದೂ ಹುಟ್ಟಿದೆ. ಅಣ್ಣನಿಗೆ ಬೈಗುಳವಾಗುವ ಯೋಗ, ತಮ್ಮನಿಗೆ ಮುದ್ದಿಸಿಕೊಳ್ಳುವ ಯೋಗ. ಇದಕ್ಕೆ ತೀರ ತಿರುಗುಮುರುಗಾದದ್ದು ‘ಸಿಲ್ಲಿ’. ಒಂದು ಕಾಲಕ್ಕೆ ದೇವರ ಕೃಪೆ ಪಡೆದವರು, ಧನ್ಯರು ಎಂಬ ಅರ್ಥವಿತ್ತು. ಆಮೇಲೆ ಏನೂ ಅರಿಯದವರು, ಆಮೇಲೆ ‘ಪಾಪ’ ಎನಿಸುವವರು, ಕೊನೆಗೆ ಪೆದ್ದರು. ಅಳಿಯಂದಿರು ಇನ್ನೊಮ್ಮೆ ನಕ್ಕರೆ ಧಾರಾಳವಾಗಿ ‘ಸಿಲ್ಲಿ’ ಎನ್ನಿ. ಮುಖ ಗಂಟಿಕ್ಕಿದರೆ ಹಳೆಯ ಅರ್ಥದಲ್ಲಿ ಹೇಳಿದೆ ಎಂದರಾಯಿತು.